ಬೂದಿ ರೋಗಕ್ಕೆ ಹಾಲು

ವಾದಿ ಕಬೀರ್, ಮಸ್ಕತ್
೯ ನವೆಂಬರ್ ೨೦೨೫, ಆದಿತ್ಯವಾರ

ಪ್ರೀತಿಯ ತಂಗಿ ಕುಸುಮಾ,

ನಾನು ಆರೋಗ್ಯವಾಗಿದ್ದೇನೆ. ನಿನ್ನ ಮೊಣಕಾಲಿನ ನೋವು ಹೇಗಿದೆ? ಹೊಲಿಗೆ ಮೆಷಿನ್ನಿಗೆ ಮೋಟರ್ ಹಾಕಿಸು ಎಂದು ಎರಡು ವರ್ಷದಿಂದ ಹೇಳುತ್ತಿದ್ದೇನೆ. ಮೋಟರ್ ಹಾಕಿದರೆ ಹೊಲಿಗೆ ಓಡಿಹೋಗುತ್ತದೆ ಎಂದು ನೀನು ತಪ್ಪಿಸಿಕೊಳ್ಳುತ್ತಿದ್ದೀ. ಈ ಕಾಗದ ನೋಡಿ ನಿನಗೆ ಗಾಬರಿಯಾಗಿರಬಹುದು. ದಿನ ಬಿಟ್ಟು ದಿನ ಫೋನ್ ಮಾಡುವ ಅಣ್ಣ ಕಾಗದ ಏಕೆ ಬರೆದ ಎಂದು. ಫೋನಿನಲ್ಲಿ ನಾವು ಆಡುವುದು ತುಳು. ನೀನು ಯಾರ ಜೊತೆಗೂ ಊಟ ಆಯಿತಾ ಎಂದು ಕೇಳದೆ ಮಾತು ಶುರುಮಾಡಿದವಳಲ್ಲ. ನೀನು ‘ಒಣಸ್ ಆಂಡಾ ಅಣ್ಣ’ ಎಂದ ಕೂಡಲೇ ನಾನು ಆಯಿತು ಎಂದು ಬೇರೆ ಮಾತಿಗೆ ಹೊರಳುತ್ತೇನೆ. ಹೇಳಬೇಕೆಂದು ನಾಲ್ಕು ಸಲ ಹೊರಟೆ, ನಾಲ್ಕು ಸಲವೂ ಮಳೆ ನಿಂತಿತಾ ಎಂದು ಕೇಳಿ ಇಟ್ಟುಬಿಟ್ಟೆ. ಕಾಗದದ ಕನ್ನಡ ನಮಗೆ ಶಾಲೆಯಲ್ಲಿ ಬಂದದ್ದು, ಅದರಲ್ಲಿ ಸ್ವಲ್ಪ ದೂರ ನಿಂತು ಮಾತಾಡಬಹುದು. ಪಕ್ಕದ ಫ್ಲಾಟಿನ ವಿಕ್ಟರ್ ಅವರ ಹೆಂಡತಿ ತೆರೇಸಾ ನಾಳೆಯ ವಿಮಾನಕ್ಕೆ ಶಿರ್ವಕ್ಕೆ ಬರುತ್ತಾರೆ. ಅವರಿಗೆ ಎಲ್ಲ ಗೊತ್ತು. ನೀನು ಓದಿ ಮುಗಿಸುವ ತನಕ ಪಕ್ಕದಲ್ಲಿ ಕೂರುತ್ತೇನೆ ಎಂದು ಒಪ್ಪಿದ್ದಾರೆ. ಚಾ ಆಮೇಲೆ ಮಾಡಿದರಾಯಿತು, ಮೊದಲು ಕೂತುಕೋ.

ಲಕ್ಷಿತ್ ಸೂರ್ ಪಟ್ಟಣದಲ್ಲಿ ಇಲ್ಲ. ಗ್ಯಾಸ್ ಸ್ಥಾವರದ ಎ.ಸಿ. ಕೆಲಸಕ್ಕೆ ಹೋಗಿದ್ದಾನೆ, ಒಳಗೆ ಫೋನ್ ಬಿಡುವುದಿಲ್ಲ, ಮರದ ದೋಣಿ ಕಟ್ಟುವವರನ್ನು ನೋಡಿ ಬಂದನಂತೆ ಎಂದು ಏಳು ವಾರದಿಂದ ನಾನು ಹೇಳಿದ್ದೆಲ್ಲ ಕಟ್ಟುಕತೆ. ಸೆಪ್ಟೆಂಬರ್ ಇಪ್ಪತ್ತೆರಡರಿಂದ ನಿನ್ನ ಮಗ ಜೈಲಿನಲ್ಲಿದ್ದಾನೆ. ವಾದಿ ಅದಾಯ್‌ನ ತನ್ನ ಕೋಣೆಯಲ್ಲಿ ಗಾಂಜಾ ಬೆಳೆಸಿದ್ದಕ್ಕೆ. ಏಳು ಗಿಡ. ಯಾರೋ ತಂದು ಇಟ್ಟದ್ದಲ್ಲ, ಗೊತ್ತಿಲ್ಲದೆ ಆದದ್ದೂ ಅಲ್ಲ. ಜೊತೆಗಿದ್ದ ಒಬ್ಬ ಮನುಷ್ಯ ಮೊದಲು ಲೈಟು, ಎ.ಸಿ. ಕೂರಿಸಿಕೊಡು ಎಂದನಂತೆ. ಆಮೇಲೆ ರಜೆಗೆ ಹೋಗಿ ಬರುತ್ತೇನೆ, ಒಂದು ತಿಂಗಳು ನೀರು ಹಾಕು ಎಂದನಂತೆ. ಹೋದವನು ಬರಲೇ ಇಲ್ಲ. ಏಳು ಗಿಡ ಕಿತ್ತು ಎಸೆಯಲು ಹತ್ತು ನಿಮಿಷ ಬೇಕಿತ್ತೇನೋ. ಲಕ್ಷಿತ್ ಎಸೆಯಲಿಲ್ಲ. ಅದನ್ನು ನಾನು ಅವನ ಪರವಾಗಿ ತಿದ್ದಿ ಹೇಳುವುದಿಲ್ಲ. ಈ ದೇಶದ ಕಾನೂನು ಏನೆಂದು ವಿಮಾನ ಇಳಿಯುವ ಪ್ರತಿಯೊಬ್ಬನಿಗೂ ಗೊತ್ತಿದೆ.

ಇಷ್ಟನ್ನು ತೆರೇಸಾ ಬಾಯಿಮಾತಿನಲ್ಲಿ ಹೇಳಬಹುದಿತ್ತು. ನಾನೇ ಬರೆಯಬೇಕಾದ್ದು ಮುಂದಿನದು.

ಆಗಸ್ಟ್ ಕೊನೆಯಲ್ಲಿ ಒಂದು ಸಂಜೆ ಅವನು ಫೋನ್ ಮಾಡಿದ. ‘ಮಾವ, ಎಲೆ ಮೇಲೆ ಬಿಳಿ ಪುಡಿ ಬಿದ್ದಿದೆ. ಒರೆಸಿದರೆ ಹೋಗ್ತದೆ, ಮೂರು ದಿನಕ್ಕೆ ಪುನಃ ಬರ್ತದೆ.’ ಯಾವ ಗಿಡ ಎಂದು ಕೇಳಿದೆ. ಅಮ್ಮ ಪೇಪರಿನಲ್ಲಿ ಕಟ್ಟಿ ಕೊಟ್ಟ ಸೌತೆ ಬೀಜ, ಹೊರಗಿನ ಬಿಸಿಲಿಗೆ ಬದುಕುವುದಿಲ್ಲ, ಕೋಣೆಯ ಒಳಗೆ ಲೈಟ್ ಹಾಕಿ ಬೆಳೆಸುತ್ತಿದ್ದೇನೆ ಎಂದ. ನನಗಾದ ಸಂತೋಷ ಏನು ಹೇಳಲಿ! ಮೂವತ್ತಮೂರು ವರ್ಷ ನರ್ಸರಿಯಲ್ಲಿ ದುಡಿದು ಮಸ್ಕತ್‌ನ ರಸ್ತೆ ಬದಿಗೆಲ್ಲ ಹೂ ನೆಟ್ಟವನು ನಾನು. ನನ್ನ ಮಗ ಹರ್ಷಿತ್‌ಗೆ ತುಳಸಿಗೂ ಪುದೀನಕ್ಕೂ ವ್ಯತ್ಯಾಸ ತಿಳಿಯದು, ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ಅಳಿಯನಾದರೂ ಗಿಡದ ಮಾತು ತೆಗೆದನಲ್ಲ ಎಂದು ಊಟ ಬಿಟ್ಟು ಕೂತು ಪಾಠ ಮಾಡಿದೆ. ಇದು ಬೂದಿ ರೋಗ, ಹೆದರಬೇಡ. ಪುಡಿ ಹೆಚ್ಚಿರುವ ಎಲೆ ಕತ್ತರಿಸಿ ಚೀಲದಲ್ಲಿ ಕಟ್ಟಿ ಹೊರಗೆ ಹಾಕು, ಕೋಣೆಯಲ್ಲಿ ಕೊಡವಬೇಡ. ಹೂ ಬಂದಾಗಿದೆ ಎಂದಾದರೆ ಗಂಧಕದ ಪುಡಿ ಮುಟ್ಟಲೇಬೇಡ. ನಿನ್ನ ಅಮ್ಮನ ಮದ್ದು ಮಾಡು: ಒಂದು ಪಾಲು ಹಾಲು, ಒಂಬತ್ತು ಪಾಲು ನೀರು, ಬೆಳಗಿನ ಹೊತ್ತು, ಎಲೆಗೆ ಮಾತ್ರ, ಹೂವಿಗೆ ತಾಗದ ಹಾಗೆ. ಹೌದು ಕುಸುಮಾ, ನೀನು ಟೆರೇಸಿನ ಸೌತೆ ಬಳ್ಳಿಗೆ ಸಿಂಪಡಿಸುವ ಅದೇ ಹಾಲು. ನಾನು ಅದನ್ನು ಕಂಪನಿಯ ಸಾಹೇಬರಿಗೂ ನಿನ್ನ ಹೆಸರು ಹೇಳಿಯೇ ಕಲಿಸಿದವನು.

ಒಂದು ವಾರದ ನಂತರ ಮತ್ತೆ ವಾಯ್ಸ್ ಮೆಸೇಜ್. ‘ಹೂವಿನ ಒಳಗೆ ಬೂದಿ ಹೊಕ್ಕರೆ ಹೂ ಹಾಳಾಗ್ತದಾ ಮಾವ?’ ನಾನು ನಕ್ಕು ಹೇಳಿದೆ: ‘ಹೂವಿನ ಚಿಂತೆ ನಿನಗೆ ಯಾಕೆ ಮಾರಾಯ, ಕಾಯಿ ಕಚ್ಚಿದರೆ ಸಾಕಲ್ಲ.’ ಅಲ್ಲಿ ನಾನು ನಿಲ್ಲಬೇಕಿತ್ತು. ಸೌತೆ ಬೆಳೆಸುವವನು ಕಾಯಿ ಕೇಳುತ್ತಾನೆ. ಹೂವನ್ನು ಕೇಳುವವನಿಗೆ ಹೂವೇ ಬೇಕಾಗಿರುತ್ತದೆ. ಬಳ್ಳಿಯ ಫೋಟೋ ಕಳಿಸು ಎಂದರೆ ಬೆರಳಗಲದ ಎಲೆಯ ತುಂಡಿನ ಚಿತ್ರ ಮಾತ್ರ ಬಂತು, ಬಿಳಿ ಪುಡಿ ಬಿಟ್ಟರೆ ಬೇರೆ ಏನೂ ಕಾಣದ ಹಾಗೆ. ಕ್ಯಾಮರಾ ಸರಿ ಇಲ್ಲ ಎಂದ, ನಂಬಿದೆ. ಎಲೆ ನೋಡಿ ಗಿಡ ಹೇಳುವ ಕಸುಬಿನವನಿಗೆ ಗುರು ಎನಿಸಿಕೊಳ್ಳುವ ಆಸೆ ಕಣ್ಣು ಮುಚ್ಚಿತು.

ಕೊನೆಗೆ ನಾನೇ ಹೇಳಿದೆ. ಮುಚ್ಚಿದ ಕೋಣೆಯ ತೇವದಲ್ಲಿ ಬೂದಿ ಹುಟ್ಟುವುದು, ಎಷ್ಟು ಹಾಲು ಹೊಡೆದರೂ ಗಾಳಿ ಆಡದೆ ಅದು ಹೋಗುವುದಿಲ್ಲ, ಒಂದು ಫ್ಯಾನ್ ಇಡು, ದಿನಾ ಬೆಳಿಗ್ಗೆ ಕಿಟಕಿ ತೆರೆ ಎಂದೆ. ಅವನು ಫ್ಯಾನಿಗೆ ಕೂಡಲೇ ಒಪ್ಪಿದ. ಕಿಟಕಿ ತೆರೆಯಲೇಬೇಕಾ ಎಂದು ಕೇಳಿದ. ತೆರೆಯಲೇಬೇಕು ಎಂದು ನಾನು ಗದರಿದೆ. ಸಣ್ಣವನಿದ್ದಾಗಿನಿಂದ ನನ್ನ ಮಾತು ಮೀರಿದವನಲ್ಲ. ತೆರೆದ. ಗಿಡಗಳು ಹೂ ಬಿಟ್ಟಾಗ ಎಂಥ ವಾಸನೆ ಬರುತ್ತದೆಂದು ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಮೇಲಿನ ಮನೆಯವರು ಎರಡು ದಿನ ಸಹಿಸಿ ಮೂರನೆಯ ದಿನ ದೂರು ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಅವನ ಫೋನಿನಲ್ಲಿ ನನ್ನ ಹದಿನಾಲ್ಕು ವಾಯ್ಸ್ ಮೆಸೇಜ್ ಸಿಕ್ಕಿದ್ದರಿಂದ ಪೊಲೀಸರು ನನ್ನನ್ನು ಕರೆದರು. ಕೂರಿಸಿ, ನೀರು ಕೊಟ್ಟು, ಮರ್ಯಾದೆಯಿಂದಲೇ ಕೇಳಿದರು. ನಾನು ಇದ್ದದ್ದನ್ನು ಹೇಳಿದೆ. ಹುಡುಗ ಸೌತೆ ಎಂದ, ನಾನು ಸೌತೆಗೆ ಮದ್ದು ಹೇಳಿದೆ. ಸಂಜೆಗೆ ಮನೆಗೆ ಕಳಿಸಿದರು. ನಾವು ಹಿಡಿದ ವಕೀಲೆ ಹಲೀಮಾ, ಬಲೂಚಿ ಮನೆತನದ ಹೆಣ್ಣುಮಗಳು, ಹಿಂದಿ ಚೆನ್ನಾಗಿ ಬರುತ್ತದೆ. ಆಕೆ ಕಾಗದಗಳನ್ನು ನೋಡಿ ಹೇಳಿದ್ದು ಇಷ್ಟೇ: ‘ನಿಮ್ಮ ಸತ್ಯ ನಿಮಗೆ ಒಳ್ಳೆಯದಾಯಿತು ಅಂಕಲ್, ಅವನಿಗೆ ಆಗಲಿಲ್ಲ.’ ಸುಳ್ಳು ಹೇಳಿ ಗಿಡ ಗುಣ ಮಾಡಿಕೊಂಡನೆಂದರೆ ಅದು ಏನೆಂದು ತಿಳಿದೇ ಬೆಳೆಸಿದ ಎಂದಾಯಿತಲ್ಲ. ಹಿಡಿದ ವಸ್ತುಗಳ ಪಟ್ಟಿಯನ್ನೂ ಓದಿ ಹೇಳಿದರು. ಏಳು ಗಿಡ, ನಾಲ್ಕು ಲೈಟು, ಒಂದು ಫ್ಯಾನ್, ಅರ್ಧ ಖಾಲಿಯಾದ ಹಾಲಿನ ಡಬ್ಬಿ. ಕೊನೆಯಲ್ಲಿ, ಕಿಟಕಿಯ ಬಳಿ ಕುಂಡದಲ್ಲಿ ಸೌತೆ ಬಳ್ಳಿ ಒಂದು. ನೀನು ಕೊಟ್ಟ ಬೀಜವನ್ನೂ ಅವನು ಹಾಕಿದ್ದ ಕುಸುಮಾ.

ನಮ್ಮಲ್ಲಿ ಮಕ್ಕಳು ತಾಯಿಯ ಕುಲಕ್ಕೆ, ತಾಯಿಯ ಬಳಿಗೆ ಸೇರಿದವರು. ಹರ್ಷಿತ್ ಅವನ ತಾಯಿಯ ಬಳಿಯವನು, ಲಕ್ಷಿತ್ ನಿನ್ನ ಬಳಿಯವನು, ಅಂದರೆ ನನ್ನ ಬಳಿಯವನು. ಭಾವ ತೀರಿಕೊಂಡಾಗ ಆರು ವರ್ಷದ ಅವನ ಕೈ ಹಿಡಿದು ಹತ್ತು ಜನರ ಎದುರು ಇವನ ತಪ್ಪು ಒಪ್ಪಿಗೆಲ್ಲ ಇನ್ನು ನಾನು ಎಂದಿದ್ದೆ. ಆ ಮಾತು ಆಡಿದ ನಾಲಿಗೆಯೇ ಠಾಣೆಯಲ್ಲಿ ನನ್ನನ್ನು ಉಳಿಸಿ ಅವನನ್ನು ಕೊಟ್ಟಿತು. ಸುಳ್ಳು ಹೇಳಬೇಕಿತ್ತು ಎನ್ನುವುದಿಲ್ಲ. ಆದರೆ ಅಷ್ಟು ಬೇಗ, ಅಷ್ಟು ಸ್ಪಷ್ಟವಾಗಿ ಹೇಳಿದೆನಲ್ಲ, ಅದು ನಿದ್ದೆ ಮಾಡಲು ಬಿಡುವುದಿಲ್ಲ.

ಇಲ್ಲಿ ನಮ್ಮ ಜನರ ಮೇಲೆ ನನಗೆ ಕೋಪ ಬಹಳ ಇದೆ. ಚೌತಿಯಂದು ಸಭಾಂಗಣದ ಎ.ಸಿ. ಕೆಟ್ಟಾಗ ಪಾಯಸ ಬಿಟ್ಟು ಏಣಿ ಹತ್ತಿದವನು ಇದೇ ಲಕ್ಷಿತ್. ಸುದ್ದಿ ತಿಳಿದ ಸಂಜೆಯೇ ಇಲ್ಲಿನ ನಮ್ಮ ಊರವರ ಸಂಘದ ವಾಟ್ಸಾಪ್ ಗುಂಪಿನಿಂದ ಅವನನ್ನು ತೆಗೆದರು, ಮರುದಿನ ನನ್ನನ್ನು. ಗೋನು ಚಂಡಮಾರುತದ ವರ್ಷ ವಾದಿ ಅದಾಯ್‌ನ ನೀರು ಕಾರುಗಳನ್ನು ಎತ್ತಿಕೊಂಡು ಹೋದಾಗ ಯಾರು ಯಾರ ಮನೆಯ ನೆಲದಲ್ಲಿ ಮಲಗಿದ್ದರು ಎಂದು ಇವರಿಗೆ ಮರೆತಿದೆ, ನನಗಿಲ್ಲ. ತೆರೇಸಾ ಮತ್ತು ವಿಕ್ಟರ್ ಬಿಟ್ಟರೆ ನಮ್ಮ ಬಾಗಿಲು ತಟ್ಟಿದವರಿಲ್ಲ. ಹುಡುಗನ ಕೈಗೆ ಗಿಡ ಕೊಟ್ಟು ವಿಮಾನ ಹತ್ತಿದವನ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ನೆನಪು ಇರುವವನು ಎಲ್ಲವನ್ನೂ ನೆನಪಿಡಬೇಕು. ೧೯೯೮ರಲ್ಲಿ ಕಾಪು ಕಡೆಯ ಒಬ್ಬ ಹುಡುಗ ಯಾರೋ ಒಳಗೆ ಗಾಂಜಾ ಅಡಗಿಸಿ ಕೊಟ್ಟ ಉಪ್ಪಿನಕಾಯಿ ಕಟ್ಟು ತಂದು ಸಿಕ್ಕಿಬಿದ್ದಿದ್ದ. ಅವನ ತಾಯಿ ಸಂಘಕ್ಕೆ ಕಾಗದ ಬರೆದರು. ಆಗ ಕಾರ್ಯದರ್ಶಿ ನಾನು. ಸಭೆಯಲ್ಲಿ ಓದಿ, ಮಾಡಿದವನು ಉಣ್ಣಲಿ ಎಂದು ಹೇಳಿ, ಫೈಲಿಗೆ ಸೇರಿಸಿದೆ. ಉತ್ತರ ಬರೆಯಲಿಲ್ಲ. ಆ ತಾಯಿಯ ಅಕ್ಷರ ಈಗ ಕಣ್ಣಿಗೆ ಕಟ್ಟುತ್ತಿದೆ, ನಿನ್ನ ಅಕ್ಷರದ ಹಾಗೆಯೇ ಬಲಕ್ಕೆ ವಾಲಿತ್ತು.

ಕಳೆದ ವಾರ ಅವನನ್ನು ನೋಡಲು ಬಿಟ್ಟರು. ಗಾಜಿನ ಆಚೆ ಅವನು, ಈಚೆ ನಾನು. ಬಡಕಲಾಗಿದ್ದಾನೆ, ಕಾಯಿಲೆ ಇಲ್ಲ. ಠಾಣೆಯಲ್ಲಿ ಏನು ಹೇಳಿದೆನೆಂದು ನಾನೇ ಬಾಯಿ ಬಿಟ್ಟೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ ‘ಗಿಡ ಗುಣ ಆಗಿತ್ತು ಮಾವ, ನಿಮ್ಮ ಮದ್ದು ಒಳ್ಳೆದಿತ್ತು’ ಎಂದ. ನಗಿಸಲು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ. ಹೊರಡುವಾಗ ಒಂದೇ ಮಾತು ಹಿಡಿದ: ‘ಅಮ್ಮನಿಗೆ ಹೇಳಿದರೆ ನಾನು ಇನ್ನು ನಿಮ್ಮ ಮುಖ ನೋಡುದಿಲ್ಲ.’ ಆಯಿತು ಎಂದು ಮಾತು ಕೊಟ್ಟು ಬಂದವನು ಇವತ್ತು ಇದನ್ನು ಬರೆಯುತ್ತಿದ್ದೇನೆ. ತೀರ್ಪು ಇನ್ನೂ ಬಂದಿಲ್ಲ. ಎಷ್ಟು ವರ್ಷ ಎಂದು ಹಲೀಮಾ ಹೇಳುವುದಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಅಷ್ಟು ವರ್ಷ ನಿನಗೆ ಸೂರ್‌ನ ದೋಣಿಗಳ ಕತೆ ಹೇಳುತ್ತಾ ಇರಲು ನನ್ನಿಂದಾಗದು.

ನಿನ್ನ ಸೌತೆ ಬಳ್ಳಿಗೆ ಹಾಲು ಸಿಂಪಡಿಸುವುದನ್ನು ನಿಲ್ಲಿಸಬೇಡ. ಹಾಲಿನದ್ದೇನೂ ತಪ್ಪಿಲ್ಲ. ನಮ್ಮ ಮನೆಯ ದೈವ ನಿನ್ನನ್ನು ಕಾಯಲಿ. ತೆರೇಸಾಗೆ ಈಗ ಚಾ ಮಾಡಿಕೊಡು.

ನಿನ್ನ ಕ್ಷಮೆ ಕೇಳುವ ಅಣ್ಣ,
ಪ್ರೇಮನಾಥ

ತಾ.ಕ.: ತೆರೇಸಾ ಬಾಗಿಲಲ್ಲಿ ನಿಂತಿದ್ದಾರೆ, ಮುಖ್ಯ ವಿಷಯವೇ ಬಿಟ್ಟುಹೋಗಿತ್ತು. ಬರುವ ಗುರುವಾರ ನಿಮ್ಮಲ್ಲಿ ಮಧ್ಯಾಹ್ನ ಮೂರೂವರೆಗೆ ಅವನು ನಿನಗೆ ಫೋನ್ ಮಾಡುತ್ತಾನೆ. ಐದೇ ನಿಮಿಷ ಕೊಡುತ್ತಾರೆ. ನಿನ್ನ ಜೊತೆ ಮಾತಾಡಲು ಏಳು ವಾರದಲ್ಲಿ ಇದೇ ಮೊದಲು ಅವನು ಒಪ್ಪಿದ್ದು, ಅದೂ ನಿನಗೇನೂ ಗೊತ್ತಿಲ್ಲ ಎಂಬ ನಂಬಿಕೆಯಲ್ಲಿ. ಸೂರ್‌ನ ಸಮುದ್ರ, ದೋಣಿ, ಶಿಫ್ಟು ಎಂದು ಏನೇನು ಹೇಳಬೇಕೆಂದು ಗಾಜಿನ ಈಚೆಯಿಂದ ನಾನೇ ಕಲಿಸಿಕೊಟ್ಟಿದ್ದೇನೆ. ಆ ಐದು ನಿಮಿಷ ಅದಕ್ಕೆ ಹೋಗಬಾರದು. ಸೂರ್ ಎಂದು ಬಾಯಿ ತೆರೆದ ಕೂಡಲೇ ತಡೆ. ಬೈಯುವುದಿದ್ದರೆ ಆಮೇಲೆ ನನಗೆ ಬೈ. ‘ಗೊತ್ತುಂಡು ಮಗಾ, ಎಲ್ಲ ಗೊತ್ತುಂಡು’ ಎಂದು ಅವನಿಗೆ ಹೇಳು. ಹೇಳಿ, ಒಣಸ್ ಆಂಡಾ ಎಂದು ಕೇಳು.