ಊಟ ಆಯ್ತಾ ಅಂದದ್ದಕ್ಕೆ

ತಂಗೀ,

ನಾನು ಸ್ಪ್ಯಾನಿಶ್ ಕಲಿಯೋಕೆ ಕೂತ ದಿನ ಅಮ್ಮ ಗುಬ್ಬಿಯಿಂದ ಬಂದಿದ್ದಳು. "ಐವತ್ತು ಹತ್ರ ಬಂತು, ಈಗ ಅ ಆ ಇ ಈ ತಿದ್ತೀಯೇನೇ?" ಅಂತ ನಕ್ಕಳು. ಇನ್ನೇನು ಮಾಡಲಿ ವಸು? ನೀನು ತೀರಿಕೊಂಡ ಮೇಲೆ ನಿನ್ನ ಮಗಳು ತಾರಾ ಅಲ್ಲೇ ಸ್ಪೇನ್‌ನಲ್ಲಿ, ಅಪ್ಪನ ಕಡೆ ಅಜ್ಜಿಯ ಹತ್ತಿರ ಬೆಳೀತಿದ್ದಾಳೆ. ನೀನು ಕಲಿಸಿದ ಕನ್ನಡವೆಲ್ಲ ಮರೆತಿದ್ದಾಳೆ. ನಿನ್ನ ಅತ್ತೆಗೆ ಇಂಗ್ಲಿಷ್ ಬಾರದು. ಇಂಗ್ಲಿಷ್ ಬರುವ ನಿನ್ನ ಗಂಡ ಮಾರ್ತಿನ್ ವಾರವೆಲ್ಲ ಕುದುರೆಗಳ ಜೊತೆ ಊರೂರು ಸುತ್ತುತ್ತಾನೆ.

ಕುಣಿಗಲ್ ಕಡೆ ಕುದುರೆ ಪಳಗಿಸೋಕೆ ಬಂದ ಅವನನ್ನು ಮೆಚ್ಚಿ ನೀನು ಸ್ಪೇನ್‌ಗೆ ಹೊರಟಾಗ, ಆ ಭಾಷೆ ಹೇಗೆ ಕಲೀತೀಯೇ ಅಂದಿದ್ದೆ. "ಅಲ್ಲೇ ಇದ್ರೆ ತಾನಾಗೇ ಬರುತ್ತೆ ಬುಡಕ್ಕ" ಅಂದಿದ್ದೆ ನೀನು. ನಾನು ತುಮಕೂರಲ್ಲಿ ಕೂತು, ಇಂಗ್ಲಿಷಿನವರಿಗೆ ಅಂತ ಮಾಡಿದ ಪಾಠಗಳಿಂದ ಕಲಿತೆ. ಸ್ಟೇಷನ್ ಎಲ್ಲಿದೆ, ಬಿಲ್ ಕೊಡಿ, ಇವತ್ತು ಬಿಸಿಲು ಚೆನ್ನಾಗಿದೆ. ಐದು ವರ್ಷದ ಮಗುವಿನ ಹತ್ತಿರ ಬಿಸಿಲಿನ ಮಾತಾಡಲಾ? ನನಗೆ ಬೇಕಾದ ಮಾತು ಆ ಪಾಠಗಳಲ್ಲಿ ಎಲ್ಲೂ ಇರಲಿಲ್ಲ. ನಾನೇ ಹುಡುಕಿಕೊಂಡೆ. "ಆಸ್ ಕೊಮಿದೊ?" ಊಟ ಆಯ್ತಾ?

ಭಾನುವಾರ ಸಂಜೆ ಫೋನ್ ಹಿಡಿದರೆ ಅಮ್ಮ ಪಕ್ಕದಲ್ಲಿ ಕೂತು ತಿವಿಯೋಳು. "ಮೊದ್ಲು ಉಂಡ್ಲಾ ಕೇಳೇ." ಕೇಳುತ್ತಿದ್ದೆ. ಅಲ್ಲಿ ಆಗ ಮಧ್ಯಾಹ್ನ, ಅವರು ಉಣ್ಣುವುದೇ ಮೂರರ ಮೇಲೆ. ತಾರಾ "ನೋ" ಅಂದ ಕೂಡಲೇ ಅಮ್ಮ "ಅಯ್ಯೋ ಕಂದಾ" ಅನ್ನೋಳು. ಪ್ರತಿ ವಾರವೂ ಇದೇ. ಒಂದು ಭಾನುವಾರ ಅವರು ಫೋನ್ ಎತ್ತಲಿಲ್ಲ. ಆಮೇಲೆ ಮಾರ್ತಿನ್ ಮೆಸೇಜ್ ಹಾಕಿದ. "'ನಾನು ಮಗೂನ ಉಪವಾಸ ಕೆಡವ್ತಿದೀನಿ ಅಂತ ಅವರಿಗೆ ಅನುಮಾನವಾ' ಅಂತ ನನ್ನ ಅಮ್ಮ ಕೇಳ್ತಿದ್ದಾಳೆ. ಸ್ವಲ್ಪ ದಿನ ಫೋನ್ ಬೇಡ."

"ಉಣ್ಣು ಅನ್ನೋದೂ ತಪ್ಪಾ? ಎಂಥಾ ಜನವೇ ಅವ್ರು?" ಅಂದಳು ಅಮ್ಮ. ನಿನ್ನ ಮಗುವನ್ನು ಮುಟ್ಟೋಕೆ ಇದ್ದದ್ದು ಆ ಒಂದು ದಾರಿ, ಅದನ್ನೂ ನಾನೇ... ಇಷ್ಟು ವರ್ಷ ಕನ್ನಡದಲ್ಲಿ ಕವಿತೆ ಓದಿದವಳಿಗೆ ಸ್ಪ್ಯಾನಿಶ್‌ನಲ್ಲಿ ನಾಲ್ಕು ವಾಕ್ಯ ಕೂಡಿಸೋಕೆ ವಾರವೇ ಹಿಡಿಯಿತು. ನಮ್ಮ ಕಡೆ ಎಲ್ಲರನ್ನೂ ಹೀಗೇ ಮಾತಾಡಿಸೋದು, ಹಾಲಿನವನನ್ನೂ, ಬಸ್ಸಲ್ಲಿ ಸಿಕ್ಕವರನ್ನೂ. ಅಕ್ಕರೆ ಅಂತ ಬಾಯಿಬಿಟ್ಟು ಹೇಳೋಕೆ ನಮಗೆ ಬರಲ್ಲ, ಇದನ್ನು ಕೇಳ್ತೀವಿ. ಇಷ್ಟನ್ನು ತೊದಲುತ್ತ ಹೇಳಿ, ರೆಕಾರ್ಡ್ ಮಾಡಿ ನಿನ್ನ ಅತ್ತೆಗೆ ಕಳಿಸಿದೆ.

ನಿನ್ನೆ ಅವರ ದನಿಯಲ್ಲೇ ಉತ್ತರ ಬಂತು. ಓಡುವ ಮಾತು, ನಿಧಾನ ಮಾಡಿಕೊಂಡು ಮತ್ತೆ ಮತ್ತೆ ಕೇಳಿದೆ. ನೀನೂ ಕೇಳ್ತಿದ್ದೆಯಂತೆ ವಸು. ಹೊಸದರಲ್ಲಿ, ದಿನಾ, ಅಡಿಗೆಮನೆ ಬಾಗಿಲಲ್ಲಿ ನಿಂತು, ಊಟ ಆಯ್ತಾ ಅಂತ. ಅಡಿಗೆ ತಡವಾಯ್ತು ಅಂತ ಚುಚ್ಚುತ್ತಿದ್ದೀಯ ಅಂದುಕೊಂಡು ಅವರು ಉತ್ತರ ಕೊಡದೆ ಬೆನ್ನು ತಿರುಗಿಸುತ್ತಿದ್ದರಂತೆ. ಆಮೇಲೆ ನೀನು ಕೇಳೋದನ್ನೇ ಬಿಟ್ಟೆಯಂತೆ. ಮುಂದಿನ ಮಾತು ಅಳುವಿನಲ್ಲಿ ಹೋಯಿತು. "ನನ್ನ ಮೇಲೆ ಕೋಪ ಇಟ್ಕೊಂಡೇ ಹೋದಳಾ?" ಅನ್ನುವಷ್ಟು ಮಾತ್ರ ತಿಳಿಯಿತು.

ಇದನ್ನು ನನಗ್ಯಾಕೆ ಹೇಳಲಿಲ್ಲ? ಯಾವಾಗ ಕೇಳಿದರೂ, "ಎಲ್ಲ ಚೆನ್ನಾಗಿದೆ ಕಣಕ್ಕ" ಅಂತಿದ್ದೆಯಲ್ಲ.

ನಾಳೆ ಅವರೇ ಫೋನ್ ಮಾಡ್ತಾರೆ, ತಾರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು. "ಅವಳಿಗೆ ನಿಮ್ಮ ಮೇಲೆ ಕೋಪ ಇರಲಿಲ್ಲ" ಅನ್ನುವ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೀನಿ. ನಿಜವೋ ಏನೋ, ನನಗೆ ಗೊತ್ತಿಲ್ಲ ಕಣೇ. ಆದ್ರೂ ಅವರಿಗೆ ಹೇಳ್ತೀನಿ.

ನಿನ್ನ ಅಕ್ಕ