ಬುಸುಬುಸು ರಾಣಿಯ ಬಾಗಿಲು

ನಮ್ಮ ಮನೆಯಿಂದ,
ಏಳನೇ ತಾರೀಕು, ಶನಿವಾರ, ಊಟವಾದ ಮೇಲೆ

ಪ್ರೀತಿಯ ಯಜಮಾನರಿಗೆ,

ದೇವರ ದಯೆಯಿಂದ ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ತರಬೇತಿಗೆ ಬಂದವರಿಗೆ ಕೊಟ್ಟಿರುವ ಹಾಸಿಗೆ ಹಲಗೆಯ ಹಾಗಿದೆ ಎಂದು ಬರೆದಿದ್ದಿರಿ. ನಿಮ್ಮ ಪೆಟ್ಟಿಗೆಯ ತಳದಲ್ಲಿ ದಪ್ಪನೆಯ ಹೊದಿಕೆಯೊಂದಿದೆ, ಅದನ್ನು ಮಡಿಸಿ ಕೆಳಗೆ ಹಾಸಿಕೊಳ್ಳಿ. ಸಿಟ್ಟಿನಲ್ಲಿದ್ದಾಗಲೇ ಇಟ್ಟದ್ದು, ಆದರೂ ಬೆಚ್ಚಗೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಲ್ಲಿ ಯಾರದೋ ಗಾಯಕ್ಕೆ ಕಟ್ಟು ಹಾಕುತ್ತಾ ತಟ್ಟೆ ಮರೆತು ಕೂತರೆ ಬಂದು ಕರೆಯಲು ನಾನಿಲ್ಲ.

ಹೋದ ವಾರ ನಿಮ್ಮ ಪತ್ರ ಬಂತು. ಹೊಲಿಯುತ್ತಿದ್ದ ಶಾಲೆಯ ಅಂಗಿಯನ್ನು ಮೆಷಿನ್ ಮೇಲೆ ಹಾಗೇ ಬಿಟ್ಟು ಓಡಿಹೋಗಿ ಬಿಡಿಸಿದೆ. ನನ್ನ ಪಾಲಿಗೆ ಬಂದದ್ದು ಎರಡು ಸಾಲು. ಮಿಕ್ಕಿದ್ದೆಲ್ಲ ಚರ್ಚಿನ ಕ್ಲಿನಿಕ್ಕಿಗೆ ಬರುವ ಬೀದಿಮಕ್ಕಳಿಗೆ. ಆ ಬುಗುರಿ ಹುಡುಗಿಯ ಕಾಲು ಹೇಗಿದೆ, ಕೆಮ್ಮಿನ ಅವಳಿಗಳು ಔಷಧಿ ಉಗುಳುವುದನ್ನು ಬಿಟ್ಟವೇ, ಸೇತುವೆ ಕೆಳಗೆ ಹೊಸದಾಗಿ ಬಂದವರ ಕೂಸಿಗೆ ಚುಚ್ಚುಮದ್ದು ಹಾಕಿಸಿದರೇ. ಓದಿ ಮುಗಿಸುವಷ್ಟರಲ್ಲಿ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಆ ಮಕ್ಕಳ ಮೇಲೆ ಹೊಟ್ಟೆಕಿಚ್ಚು. ಕಾಲಿಗೆ ಚಪ್ಪಲಿಯಿಲ್ಲದ, ತಲೆಯ ಮೇಲೆ ಸೂರಿಲ್ಲದ ಮಕ್ಕಳ ಮೇಲೆ ಹೊಟ್ಟೆಕಿಚ್ಚು ಪಡುವವಳು ಎಂಥ ಹೆಂಗಸು ಎಂದು ಕೇಳುತ್ತೀರೇನೋ. ನಿಮ್ಮ ಹೆಂಡತಿಯಂಥ ಹೆಂಗಸು. ಭಾನುವಾರ ಪಾದ್ರಿಗಳು ನಿಮ್ಮ ಸೇವೆಯನ್ನು ಹೊಗಳಿದಾಗ ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಾನೂ ಹಲ್ಲು ಬಿಟ್ಟೆ. ನಿಮ್ಮನ್ನು ದೇವರ ಕೆಲಸಕ್ಕೆ ಕೊಟ್ಟಿದ್ದೇನೆ, ಒಪ್ಪಿದೆ. ಆದರೆ ಒಂದು ಚೂರೂ ಉಳಿಸಿಕೊಳ್ಳದೆ ಕೊಟ್ಟೆ ಎಂದು ಯಾವತ್ತಾದರೂ ಹೇಳಿದ್ದೆನೇ?

ನಿಮ್ಮ ದಿನಚರಿಯನ್ನು ಸ್ವಲ್ಪ ನೀವೇ ನೋಡಿಕೊಳ್ಳಿ. ಬೆಳಗಿನ ಪ್ರಾರ್ಥನೆ ಮುಗಿಸಿ ಕ್ಲಿನಿಕ್ಕಿಗೆ ಹೋದರೆ ಸಂಜೆಯವರೆಗೆ ನಿಮ್ಮ ಬಾಯಿ ನಿಲ್ಲುವುದಿಲ್ಲವಂತೆ. ಮನೆಗೆ ಬಂದ ಕೂಡಲೇ ಬಾಯಿಗೆ ಬೀಗ. ಹೂಂ, ಉಹೂಂ, ಉಪ್ಪು ಕೊಡು. ಇಷ್ಟೇ. ದಣಿದು ಬಂದಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ವರ್ಷಗಳೇ ಆದವು. ನೀವು ತರಬೇತಿಗೆ ಹೋಗುವ ವಿಷಯವಾದರೂ ನನಗೆ ಮೊದಲು ಗೊತ್ತಾಯಿತೇ? ಸೊಪ್ಪು ಕೊಳ್ಳುತ್ತಾ ನಿಂತಿದ್ದಾಗ ಚಿಂದಿಚೀಲ ಹೊತ್ತ ಹುಡುಗಿಯೊಬ್ಬಳು ಬಂದು, "ಅಕ್ಕಾ, ಅಣ್ಣ ಮೂರು ತಿಂಗಳು ಇರಲ್ವಂತೆ, ನಿಮಗೆ ಬೇಜಾರಾಗಲ್ವಾ?" ಎಂದಳು. ಸೊಪ್ಪಿನವಳ ಎದುರಿಗೆ ನನ್ನ ಮುಖ ಎಲ್ಲಿಡಬೇಕಿತ್ತು ಹೇಳಿ. ಅದಕ್ಕೇ ನೀವು ಹೊರಡುವ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿ ಚಿಲಕ ಜಡಿದುಕೊಂಡು ಕೂತದ್ದು. ನೀವು ಎರಡು ಸಲ ತಟ್ಟಿದಿರಿ. ಮೂರನೆಯ ಸಲ ತಟ್ಟಿದ್ದರೆ ತೆಗೆಯುತ್ತಿದ್ದೆನೋ ಏನೋ.

ಈಗ ನಡೆದದ್ದು ಕೇಳಿ. ಸೋಮವಾರ ಕ್ಲಿನಿಕ್ಕಿನ ದೊಡ್ಡ ಸಿಸ್ಟರ್ ನಮ್ಮ ಮನೆಗೆ ಬಂದರು. ನೀವಿಲ್ಲದ ಹೊತ್ತಿನಲ್ಲಿ ಗಾಯದ ಕೆಲಸವೂ ಅವರ ತಲೆಗೇ ಬಿದ್ದಿದೆಯಲ್ಲ. ಅವರ ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು. ಕಚ್ಚಿದ್ದು ಬುಗುರಿ. ಕಸದ ರಾಶಿಯಲ್ಲಿ ಕೆಂಡ ತುಳಿದು ಪಾದ ಸುಟ್ಟುಕೊಂಡ ಆ ಹುಡುಗಿ, ನೀವು ಹೋದಾಗಿನಿಂದ ಕಟ್ಟು ಬಿಚ್ಚಲು ಯಾರಿಗೂ ಬಿಟ್ಟಿಲ್ಲವಂತೆ. ಬಟ್ಟೆ ಗಾಯಕ್ಕೆ ಅಂಟಿಕೊಂಡಿದೆ, ಒಳಗೆ ಕೀವು. ಇನ್ನೂ ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಹಿಡಿದುಕೊಂಡು ಬಿಚ್ಚೋಣವೆಂದರೆ ಅವಳು ಓಡಿಹೋಗಿ ಮತ್ತೆ ಬರುವುದೇ ಇಲ್ಲ. "ಅವಳಿಗೆ ಕಥೆ ಬೇಕಂತಮ್ಮಾ. ಬೈಬಲಿನ ಕಥೆ ಹೇಳಿದೆ, ಇದಲ್ಲ ಅಂದ್ಲು. ನಿಮ್ಮ ಯಜಮಾನ್ರು ಹೇಳ್ತಿದ್ದ ಕಥೆಯ ಮುಂದಿನದು ನಿಮ್ಗೆ ಮಾತ್ರ ಗೊತ್ತಂತೆ," ಎಂದು ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಏನು ಕಥೆ ಎಂದರೆ ಬಾಯಿ ಬಿಡಲಿಲ್ಲ, ನೀವೇ ಬನ್ನಿ ಎಂದರು.

ರಕ್ತ ಕಂಡರೆ ನನಗೆ ತಲೆ ಸುತ್ತುತ್ತದೆ, ನಿಮಗೆ ಗೊತ್ತು. ಆದರೂ ಹೋದೆ. ಮಗುವಿನ ಬೆರಳು ಉಳಿಯಲಿ ಎಂದು ಅರ್ಧ, ಆ ಕಥೆ ಎಂಥದೋ ನೋಡಿಯೇಬಿಡೋಣ ಎಂದು ಅರ್ಧ. ನಾನು ಹೊಸಿಲು ದಾಟುವುದಕ್ಕಿಲ್ಲ, ಬೆಂಚಿನ ಮೇಲಿದ್ದ ಮಕ್ಕಳೆಲ್ಲ ಒಟ್ಟಿಗೇ ಎದ್ದು, "ಬುಸುಬುಸು ರಾಣಿ ಬಂದ್ಲು!" ಎಂದು ಕೂಗಿದವು. ರೀ, ನಿಮ್ಮನ್ನು ಏನು ಮಾಡಲಿ? ನಿಮ್ಮ ಕಥೆಯ ರಾಣಿ ಪಾತ್ರೆಗಳ ಜೊತೆ ಜಗಳವಾಡುತ್ತಾಳೆ, ಮೆಷಿನ್ ತುಳಿಯುತ್ತಾ ರಾಗ ತಪ್ಪಿ ಸ್ತುತಿಗೀತೆ ಹಾಡುತ್ತಾಳೆ, ಒಂದು ಕಾಲು ಹೊದಿಕೆಯಿಂದ ಹೊರಗೆ ಹಾಕಿಯೇ ಮಲಗುತ್ತಾಳೆ, ಜಿರಳೆ ಕಂಡರೆ ರಾಜನ ಹೆಗಲು ಹತ್ತುತ್ತಾಳೆ. ಎಲ್ಲಾ ಬಾಯಿಪಾಠ! ಒಬ್ಬನಂತೂ ಬಗ್ಗಿ ನನ್ನ ಕಾಲನ್ನೇ ನೋಡುತ್ತಿದ್ದ. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸಿಸ್ಟರ್ ಆಗ ಬಿಡಿಸಿ ಹೇಳಿದರು. ಅಂಟಿಕೊಂಡ ಬಟ್ಟೆಯನ್ನು ನೀವು ಎಳೆಯುವುದೇ ಇಲ್ಲವಂತೆ. ಉಪ್ಪುನೀರು ಹನಿಸುತ್ತಾ, ಅದು ತಾನಾಗಿ ಬಿಡುವವರೆಗೆ ಕಥೆ ಹೇಳುತ್ತೀರಂತೆ. ಹೊಸ ಕಟ್ಟು ಬಿಗಿದ ಕೂಡಲೇ ಕಥೆಯೂ ನಿಲ್ಲುತ್ತದೆ, ಮುಂದಿನದಕ್ಕೆ ಅವು ನಾಳೆ ಬರಲೇಬೇಕು. ಹಾಗೆ ಬೀದಿಯ ಮಕ್ಕಳನ್ನು ಗಾಯ ಮಾಯುವವರೆಗೂ ಹಿಡಿದಿಡುತ್ತೀರಿ. ಕೆಲಸಕ್ಕೆ ಬಹಳ ಒಳ್ಳೆಯ ಉಪಾಯ. ಆದರೆ ಉಪಾಯಕ್ಕೆ ಸಿಕ್ಕಿದ್ದು ನಾನೇನಾ?

ನಾನು ಗಾಯಕ್ಕೆ ಬೆನ್ನು ಹಾಕಿ, ಬುಗುರಿಗೆ ಮುಖ ಕೊಟ್ಟು ಕೂತೆ. ಸಿಸ್ಟರ್ ನೀರು ಹನಿಸತೊಡಗಿದರು. ಬುಗುರಿ ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿ, "ರಾಣಿ ಬಾಗಿಲು ತೆಗೆದ್ಲಾ?" ಎಂದಳು. ಬಸ್ಸಿಗೆ ಹೋಗುವ ಮುಂಚೆ ಅವಳ ಕಾಲು ನೋಡಲು ಬಂದವರು ಅದನ್ನೂ ಹೇಳಿ ಹೋಗಿದ್ದೀರಿ! ಮೈ ಉರಿಯಿತು. ರಾಜನ ಮಾತು ಮಾತ್ರ ಕೇಳಿದ್ದೀಯ, ರಾಣಿಯ ಕಡೆಯದೂ ಕೇಳು ಎಂದು ಶುರುಮಾಡಿದೆ. ರಾಜ ಊರಿಗೆಲ್ಲ ಮಾತು ಹಂಚುತ್ತಾನೆ, ಅರಮನೆಗೆ ಬರುವಷ್ಟರಲ್ಲಿ ಅವನ ಚೀಲ ಖಾಲಿ. ದೂರದೇಶಕ್ಕೆ ಹೋಗುವ ಸುದ್ದಿಯನ್ನು ಕೂಡ ದಾರಿಹೋಕರಿಗೆ ಹೇಳಿದ, ರಾಣಿಗೆ ಹೇಳಲಿಲ್ಲ. ಇನ್ನು ಅವಳು ಬಾಗಿಲು ಹಾಕಿಕೊಳ್ಳದೆ ಏನು ಮಾಡಿಯಾಳು? ಮಕ್ಕಳ ಮುಂದೆ ಅಳಬಾರದೆಂದು ಗೋಡೆಯ ಶಿಲುಬೆಯನ್ನು ನೋಡುತ್ತಾ ಕೂತೆ.

ಬುಗುರಿ ನನ್ನನ್ನು ಶುದ್ಧ ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಅಯ್ಯೋ, ರಾಜಂಗೆ ಹೆದರಿಕೆ ಇತ್ತು. ರಾಣಿ ಅತ್ತುಬಿಟ್ರೆ ನಾನು ಹೋಗೋಕಾಗಲ್ಲ, ಹೆಂಗೆ ಹೇಳಲಿ, ಹೆಂಗೆ ಹೇಳಲಿ ಅಂತ ದಿನಾ ನಮ್ಮನ್ನೇ ಕೇಳ್ತಿದ್ರು ಅಣ್ಣ," ಎಂದಳು. ಬೆಂಚಿನವರಿಗೆಲ್ಲ ಹುರುಪು ಬಂತು. ಊಟ ಆದ್ಮೇಲೆ ಹೇಳಿ ಅಂತ ನಾನು ಹೇಳಿದ್ದೆ ಎಂದು ಒಬ್ಬ. ಮೊದಲು ಬಳೆ ಕೊಡಿಸಿ ಅಂದಿದ್ದೆ ಎಂದು ಒಬ್ಬಳು. ಹೇಳದೆ ಓಡಿಹೋಗಿ ಎಂದ ಮಹಾನುಭಾವನೂ ಅಲ್ಲೇ ಇದ್ದ. ನನಗೆ ಹೇಳುವ ಒಂದು ಮಾತಿಗೆ ನೀವು ಅಷ್ಟು ದಿನ ಅವರ ಮುಂದೆ ತಾಲೀಮು ಮಾಡಿದ್ದಿರೇ? ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ. ಅಷ್ಟರಲ್ಲಿ ಬಟ್ಟೆ ಬಿಟ್ಟುಕೊಂಡಿತು. ಹುಡುಗಿಗೆ ಗೊತ್ತೇ ಆಗಲಿಲ್ಲ.

ಅವತ್ತಿನಿಂದ ದಿನಾ ಹೋಗುತ್ತಿದ್ದೇನೆ. ಕೀವು ನಿಂತಿದೆ, ಬೆರಳಿಗೆ ಅಪಾಯವಿಲ್ಲ ಎಂದು ನಿನ್ನೆ ಡಾಕ್ಟರು ಹೇಳಿದರು. ನಾನು ಒಂದು ಸಲ ಗಾಯದ ಕಡೆ ತಿರುಗಿಯೂ ನೋಡಿದೆ, ತಲೆ ಸುತ್ತಿ ಬೀಳಲಿಲ್ಲ. ಬುಗುರಿಯ ತಾಯಿ ಬಂದು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಹಾಗೆಂದು ನನ್ನ ಹೊಟ್ಟೆಕಿಚ್ಚು ಆರಿತು ಎಂದುಕೊಳ್ಳಬೇಡಿ. ಈಗ ಆ ರಾಣಿಯ ಮೇಲೂ ಶುರುವಾಗಿದೆ. ಅವಳ ಬಗ್ಗೆ ಅಷ್ಟು ಚೆಂದವಾಗಿ ಮಾತಾಡುತ್ತೀರಿ. ನನ್ನ ಹತ್ತಿರ ಉಪ್ಪು ಕೇಳುತ್ತೀರಿ.

ಪಾದ್ರಿಗಳು, ಸಿಸ್ಟರ್, ಮಕ್ಕಳೆಲ್ಲರೂ ನಿಮ್ಮನ್ನು ಕೇಳಿದ್ದಾರೆ. ಅವಳಿಗಳು ಈಗಲೂ ಔಷಧಿ ಉಗುಳುತ್ತಿವೆ. ಸೇತುವೆ ಕೆಳಗಿನ ಕೂಸಿಗೆ ಚುಚ್ಚುಮದ್ದು ಆಯಿತು. ಕರ್ತನು ನಿಮ್ಮ ಕೈಗಳನ್ನು ಕಾಯಲಿ, ಸೊಂಟವನ್ನೂ ಕಾಯಲಿ.

ಇಂತಿ,
ನಿಮ್ಮ
ಬುಸುಬುಸು

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಲ್ಲಿನ ಮಕ್ಕಳಿಗೂ ನನ್ನ ಕಥೆ ಹೇಳುತ್ತಿದ್ದರೆ ಜಿರಳೆಯ ವಿಷಯ ಬಿಡಿ. ಬುಗುರಿ ಇವತ್ತೂ ಬಿಡದೆ ಕೇಳಿದಳು. ರಾಣಿ ಚಿಲಕ ತೆಗೆದಿದ್ದಾಳೆ, ಹೊಸಿಲ ಮೇಲೆ ಕೂತು ದಾರಿ ನೋಡುತ್ತಿದ್ದಾಳೆ ಎಂದು ಹೇಳಿದೆ. ರಾಜ ಬಂದ ಮೇಲೆ ಏನು ಹೇಳ್ತಾಳೆ ಎಂದಳು. ಅಷ್ಟಕ್ಕೆ ಕಟ್ಟು ಮುಗಿಯಿತು. ಮುಗಿಯದಿದ್ದರೂ ಆ ಉತ್ತರವನ್ನು ಮಾತ್ರ ಅವರಿಗೆ ಕೊಡುತ್ತಿರಲಿಲ್ಲ, ಅದು ನಿಮ್ಮದು. ನೀವೂ ಬರುವಾಗ ಇನ್ನೂ ಯಾರಿಗೂ ಹೇಳಿರದ ಮಾತೊಂದನ್ನು ನನಗಾಗಿ ತನ್ನಿ. ತಾಲೀಮು ಬೇಡ, ತೊದಲಿದರೂ ಸರಿ.