ಯಾತ್ರೆ ಅಂದದ್ದೇ ತಪ್ಪಾಯಿತು

೮-೨-೯೮, ರವಿವಾರ

ಹತ್ತನೇ ‘ಬಿ’ ಪೇಪರು ಇನ್ನೂ ಅರ್ಧ ಉಳಿದಿವೆ. ಲುಂಬಿನಿಯನ್ನು ಬಿಹಾರದಲ್ಲಿ ಇಟ್ಟವರೇ ಹೆಚ್ಚು. ಗೀಟು ಎಳೆದೂ ಎಳೆದೂ ಕೈ ನೋವು. ಸಮಾಜ ಕಲಿಸುತ್ತ ತಲೆ ಹಣ್ಣಾಯಿತು — ಹಂಪಿ ಬಿಟ್ಟರೆ ನಾನೇ ಏನು ನೋಡಿದ್ದೇನೆ? ಅದೂ ಶಾಲೆಯ ಟ್ರಿಪ್. ಹುಡುಗರ ತಲೆ ಎಣಿಸುವುದರಲ್ಲೇ ಹೊತ್ತು ಮುಳುಗಿತ್ತು.

ಮಧ್ಯಾಹ್ನ ನಮ್ಮ ಹೊಲಿಗೆ ಟೀಚರ್ ಸುಶೀಲವ್ವ ಬಂದರು. ಅಟ್ಲಾಸ್ ಹರವಿಕೊಂಡು ಕೂತೆವು. ಏಪ್ರಿಲ್ ರಜೆಯಲ್ಲಿ ನೇಪಾಳ, ಅಲ್ಲಿಂದ ಭೂತಾನ. ಇಬ್ಬರೇ. ಗೋರಖಪುರದವರೆಗೆ ರೈಲು, ಸೋನೌಲಿಯಲ್ಲಿ ಗಡಿ ದಾಟಿ ಬಸ್ಸು. ಪೋಖರಾ, ಬಂದೀಪುರದ ಹಳ್ಳಿ, ಕಾಠಮಂಡು, ಪಾಟನ್, ಭಕ್ತಪುರ. ಆಮೇಲೆ ಫುಂಟ್ಶೋಲಿಂಗ್‌ನಿಂದ ಮೇಲೆ ಹತ್ತಿ ಥಿಂಫು, ಪಾರೋ ಕಣಿವೆ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಸ್ವೆಟರ್ ಮಾರಲು ಬರುವಾಕೆ ಹೇಳಿದ್ದಳು — ಆಗ ಗುಡ್ಡವೆಲ್ಲ ಕೆಂಪು ಹೂ, ಭಕ್ತಪುರದ ಚೌಕದಲ್ಲಿ ಕುಂಬಾರರು ಗಡಿಗೆ ಒಣಗಿಸಿರುತ್ತಾರೆ ಅಂತ. ಆ ಚೌಕ ನೋಡಬೇಕು. ಅದೊಂದು ನೋಡಿದರೂ ಸಾಕು.

ಹುಬ್ಬಳ್ಳಿಯ ಟೂರ್ ಏಜೆಂಟನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನಾನು ಹಾದಿ ಕೇಳಿದರೆ ಅವನು ಕೇಳಿದ್ದು, ‘ಮನಿಯವರು ಬರೂದಿಲ್ಲೇನ್ರಿ?’ ಮತ್ತೆ ಮತ್ತೆ ಅದೇ. ಎದ್ದು ಬಂದೆ. ಟಿಕೆಟ್ ನಾನೇ ಮಾಡಿಸುತ್ತೇನೆ.

೧೫-೨-೯೮, ರವಿವಾರ

ನಿನ್ನೆ ಧಾರವಾಡ ಸ್ಟೇಷನ್ನಿನಲ್ಲಿ ರಿಸರ್ವೇಶನ್ ಆಯಿತು. ಏಪ್ರಿಲ್ ಹದಿನಾಲ್ಕು. ಪುಣೆಯಲ್ಲಿ ರೈಲು ಬದಲು.

ಇವತ್ತು ಅತ್ತೆಗೆ ಹೇಳಿದೆ. ಊರು ನೋಡಲು ಹೋಗುತ್ತೇನೆ ಅಂದಿದ್ದರೆ ಮನೆಯಲ್ಲಿ ರಾಮಾಯಣ. ಅದಕ್ಕೇ, ‘ಪಶುಪತಿನಾಥನ ಯಾತ್ರಾ ಮಾಡಿ ಬರ್ತೇನ್ರಿ’ ಅಂದೆ. ಅತ್ತೆ ಕೈ ಮುಗಿದರು. ಕಣ್ಣಲ್ಲಿ ನೀರು! ಇವರೂ ಬಟ್ಟೆ ಅಂಗಡಿಯಿಂದ ಬಂದು ಕೇಳಿ, ಚಲೋ ಆತು ಅಂದರು. ಅಷ್ಟು ಸುಲಭ. ಒಳಗೊಳಗೇ ಬೀಗಿದೆ. ಸುಶೀಲವ್ವನೂ ತಮ್ಮ ಮಗನಿಗೆ ಇದನ್ನೇ ಹೇಳಿದ್ದಾರಂತೆ.

೨೫-೨-೯೮, ಶಿವರಾತ್ರಿ

ಮೈ ಉರಿಯುತ್ತಿದೆ. ಬರೆಯದಿದ್ದರೆ ಏನಾದರೂ ಒಡೆಯುತ್ತೇನೆ.

ಇವರ ಅಣ್ಣ ಅಂದಾನೆಪ್ಪ ಭಾವನವರು ಮಠದಲ್ಲಿ ಹತ್ತು ಜನರೆದುರು ಹೇಳಿದ್ದಾರೆ — ನಮ್ಮ ಮನೆಯಿಂದ ಈ ಸಲ ಪಶುಪತಿನಾಥನ ಯಾತ್ರೆ. ಸಂಜೆಯಿಂದ ಓಣಿಯ ಮಂದಿ ಬರುತ್ತಲೇ ಇದ್ದಾರೆ. ಒಬ್ಬರಿಗೆ ರುದ್ರಾಕ್ಷಿ, ಒಬ್ಬರಿಗೆ ಗಂಡಕಿಯ ನೀರು. ಅಲ್ಲಿಯವರೆಗೆ ನಗುತ್ತಲೇ ಇದ್ದೆ.

ಆಮೇಲೆ ಅತ್ತೆಗೆ ನೆನಪಾಯಿತು, ಹಿರಿಯರು ನೋಡದ ಕ್ಷೇತ್ರವನ್ನು ಕಿರಿಯರು ನೋಡುವಂತಿಲ್ಲ. ಈ ಮನೆಯ ನಡೆ. ಮಾವನವರು ತಮ್ಮ ಅಣ್ಣ ಹೋಗಿ ಬರುವವರೆಗೆ ಶ್ರೀಶೈಲದ ಕಡೆ ಮುಖ ಹಾಕಿರಲಿಲ್ಲವಂತೆ. ಹೀಗಾಗಿ ಮೊದಲು ಭಾವನವರು ಮತ್ತು ಅವರ ಹೆಂಡತಿ, ನಮ್ಮ ನೆಗೆಣ್ಣಿ ಕೆಂಚವ್ವ. ನಾನು ಮುಂದೆ ಯಾವಾಗಲಾದರೂ.

ಯಾವಾಗಲಾದರೂ ಅಂದರೆ ಯಾವಾಗ? ನನಗೆ ನಲವತ್ತೈದು.

ಇವರ ಕಡೆ ನೋಡಿದೆ. ಇವರು ಬಿಲ್ವಪತ್ರೆಯ ತೊಟ್ಟು ಮುರಿಯುತ್ತ ಕೂತಿದ್ದರು. ಕೆಂಚವ್ವ ಅಕ್ಕಾರು ಕಂಬಕ್ಕೆ ಆನಿಕೊಂಡು ಕೂತಿದ್ದರು, ಪಟ್ಟದ ರಾಣಿಯ ಹಾಗೆ. ಬೇಡ ಅನ್ನಲಿಲ್ಲ. ಯಾಕೆ ಅಂದಾರು? ಕೂತಲ್ಲಿಗೇ ಬಂತಲ್ಲ.

೨-೩-೯೮

ಇವರು ನನ್ನ ಟಿಕೆಟ್ ಕ್ಯಾನ್ಸಲ್ ಮಾಡಿಸಿ ಬಂದಿದ್ದಾರೆ. ನನಗೆ ಹೇಳದೆ, ನನ್ನ ಪರ್ಸಿನಿಂದ ತೆಗೆದುಕೊಂಡು ಹೋಗಿ. ಅದೇ ರೈಲಿಗೆ ಅವರಿಬ್ಬರ ಹೆಸರಲ್ಲಿ ಹೊಸದು. ಕೇಳಿದರೆ, ‘ಅವ್ವನ ಮಾತು ಮೀರಾಕ ಬರ್ತೈತೇನು? ನೀನ ಯಾತ್ರಾ ಅಂದಿ’ ಅಂದರು. ಹೌದು, ನಾನೇ ಅಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ.

ಉಂಡಿಲ್ಲ. ಯಾರೂ ಕೇಳಿಲ್ಲ.

೯-೩-೯೮

ಸುಶೀಲವ್ವನೂ ಕ್ಯಾನ್ಸಲ್ ಮಾಡಿಸಿದರಂತೆ. ಜೊತೆಯಿಲ್ಲದೆ ಮಗ ಕಳಿಸುವುದಿಲ್ಲ. ಸ್ಟಾಫ್ ರೂಮಿನಲ್ಲಿ ಮೆಲ್ಲಗೆ, ‘ಹೋಗ್ಲಿ ಬಿಡ್ರಿ ಟೀಚರ್’ ಅಂದರು. ಬಿಡಲಿಲ್ಲ. ನಿಮಗೂ ಬೇಕಾಗಿದ್ದು ಇಷ್ಟೇ ಅಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಆಗಲಿ. ಈಗ ಯಾರ ಮೇಲೂ ಕರುಣೆ ಇಲ್ಲ.

ಸಂಜೆ ಭಾವನವರು ಇವರ ಕೈಲಿ ಹೇಳಿಕಳಿಸಿದರು: ಹಾದಿ ಬರೆದಿಟ್ಟಿದ್ದರೆ ಕೊಡು ಅಂತ. ಕೊಟ್ಟೆ. ಭಾವನವರು ಅಂಗಡಿಯ ಕೆಂಪು ಪೆನ್ನಿನಿಂದ ಹೊಡೆದು ಹಾಕುತ್ತ ಹೋದರಂತೆ. ಪೋಖರಾ ಹೋಯಿತು. ಭಕ್ತಪುರ ಹೋಯಿತು. ಭೂತಾನ ಪೂರಾ ಹೋಯಿತು. ಅಲ್ಲಿ ಕಾಶಿ, ಪ್ರಯಾಗ, ಗಯಾ ಬಂದವು. ಬಂದೀಪುರಕ್ಕೆ ಬಂದಾಗ ನಕ್ಕರಂತೆ — ಹಳ್ಳಿ ನೋಡಲು ನೇಪಾಳಕ್ಕೆ ಯಾಕೆ, ಇಲ್ಲೇ ತೇರಗಾಂವ ಐತಲ್ಲ ಅಂತ. ಇವರು ಅದನ್ನು ನನಗೆ ಬಂದು ಹೇಳಿ ತಾವೂ ನಕ್ಕರು.

೨೮-೩-೯೮, ಯುಗಾದಿ

ಪರೀಕ್ಷೆ ಡ್ಯೂಟಿ, ಇಷ್ಟು ದಿನ ಇದನ್ನು ಮುಟ್ಟಲಿಲ್ಲ. ಮುಟ್ಟಿದರೆ ಬರೀ ಬೈಗುಳ ಬರುತ್ತಿತ್ತು.

ಬೇವು-ಬೆಲ್ಲ ಕುಟ್ಟುತ್ತಿದ್ದೆ. ಕೆಂಚವ್ವ ಅಕ್ಕಾರು ಅಡಿಗೆಮನೆಗೆ ಬಂದು ಬಾಗಿಲು ಅರ್ಧ ಮುಂದೆ ಮಾಡಿದರು. ನಾನು ತಲೆ ಎತ್ತಲಿಲ್ಲ.

‘ನನ್ನ ಯಾರೂ ಕೇಳಿಲ್ಲವ್ವಾ, ಪೂರ್ಣಿಮಾ. ಹೊಂಟೀಯೇನು ಅಂತ ಒಬ್ಬರೂ ಕೇಳಿಲ್ಲ.’

ಬಸ್ಸು ಹತ್ತಿದರೆ ಅವರಿಗೆ ವಾಂತಿ. ದಾಂಡೇಲಿಯ ತಂಗಿಯ ಮನೆಗೆ ಹೋಗುವಾಗಲೂ ಲಿಂಬೆಹಣ್ಣು ಹಿಡಿದೇ ಕೂಡುತ್ತಾರೆ. ಗಯಾ, ಪ್ರಯಾಗದಲ್ಲಿ ಗಂಡನ ಹಿಂದೆ ಗಂಟು ಹೊತ್ತು ನಿಲ್ಲಬೇಕು. ಹೋಗುವುದಿಲ್ಲ ಅಂದರೆ ದೇವರನ್ನೇ ಬೇಡ ಅಂದ ಹಾಗೆ. ಇದೆಲ್ಲ ಹೇಳಿದರು. ಆಮೇಲೆ ಕೇಳಿದರು, ಭಾವನವರು ನನ್ನ ಚೀಟಿ ಓದುವಾಗ ಕಿವಿಗೆ ಬಿದ್ದ ಆ ಗಡಿಗೆ ಒಣಗಿಸುವ ಊರು ಯಾವುದು, ಅದನ್ನು ಯಾಕೆ ಹೊಡೆದು ಹಾಕಿದರು ಅಂತ.

ನಾನು ಕುಟ್ಟುತ್ತಲೇ ಇದ್ದೆ. ಅವರ ಮೇಲಿನ ಸಿಟ್ಟು ಎಲ್ಲಿಡಲಿ ಅಂತ ಗೊತ್ತಾಗಲಿಲ್ಲ. ಇಷ್ಟು ದಿನ ಅದನ್ನು ಹಿಡಿದುಕೊಂಡೇ ಓಡಾಡಿದ್ದೆ.

೧೩-೪-೯೮, ಸೋಮವಾರ. ರಾತ್ರಿ

ಬೇಗ ಬರೆಯಬೇಕು, ಬ್ಯಾಗು ತುಂಬುವುದಿದೆ.

ಸಂಜೆ ಬೀಳ್ಕೊಡುವ ಶಾಸ್ತ್ರ. ಪಡಸಾಲೆಯಲ್ಲಿ ಕಂಬಳಿ ಹಾಸಿ ಯಾತ್ರೆಯವರನ್ನು ಕೂಡಿಸಿ, ಕಿರಿಯ ಗಂಡ-ಹೆಂಡತಿ ಅವರ ಕಾಲು ತೊಳೆಯಬೇಕು. ಓಣಿಯೆಲ್ಲ ನೆರೆದಿತ್ತು. ಇವರು ಪರಾತದಲ್ಲಿ ಭಾವನವರ ಪಾದ ಇಟ್ಟುಕೊಂಡರು. ನನ್ನ ಕೈಗೆ ತಂಬಿಗೆ ಕೊಟ್ಟರು. ನೀರು ಹಾಕು ಅಂದರು.

ಹಾಕಲಿಲ್ಲ. ತಂಬಿಗೆ ಕೆಳಗಿಟ್ಟೆ. ಭಾವನವರ ಎದುರು ನಾನು ಎಂದೂ ನಿಂತು ಮಾತಾಡಿದವಳಲ್ಲ. ಇವತ್ತು ಮಾತಾಡಿದೆ.

‘ನಾ ಹೊಂಟಿದ್ದು ಯಾತ್ರಾ ಅಲ್ರಿ. ಸುಳ್ಳು ಹೇಳಿದ್ದೆ. ಊರು ನೋಡಾಕ ಹೊಂಟಿದ್ದೆ. ಊರು ನೋಡೂದಕ್ಕ ಹಿರೇರು ಕಿರೇರು ಅಂತ ಐತೇನು?’

ಇವರು ಎದ್ದು ನನ್ನ ರಟ್ಟೆ ಹಿಡಿದರು, ಒಳಗೆ ನಡಿ ಅಂದರು. ಅತ್ತೆ ದೇವರ ಹೆಸರಲ್ಲಿ ಸುಳ್ಳು ಹೇಳಿದಳಲ್ಲ ಅಂತ ಅಳಲು ಶುರು. ಭಾವನವರು ಒದ್ದೆಯಾಗದ ಕಾಲನ್ನು ಪರಾತದಿಂದ ಎತ್ತಿಕೊಂಡು, ಅಪಶಕುನ ಆಯಿತು, ಇನ್ನು ಯಾರೂ ಹೋಗುವುದು ಬೇಡ ಅಂದರು. ಮುಗಿಯಿತು. ಒಂದು ಮಾತಿನಲ್ಲಿ.

ಆಗ ಕಂಬಳಿಯ ಮೇಲಿಂದ ಕೆಂಚವ್ವ ಅಕ್ಕಾರು ಮಂಡಿ ಹಿಡಿದುಕೊಂಡು ಎದ್ದರು. ಸೆರಗು ಸರಿ ಮಾಡಿಕೊಂಡು ಅತ್ತೆಯ ಕಡೆ ತಿರುಗಿದರು. ದನಿ ಏರಿಸಲಿಲ್ಲ.

‘ಅತ್ತಿ, ನಾ ಹೋಗಾಕಿನ. ಈ ಮನಿಗೆ ಹಿರೀ ಸೊಸಿ ನಾ. ನಾ ಮುಂದ ನಡೀತೇನಿ, ಪೂರ್ಣಿಮಾ ನನ್ನ ಹಿಂದ ಬರ್ತಾಳ. ನಿಮ್ಮ ನಡಿ ಎಲ್ಲಿ ಮುರೀತು, ಹೇಳ್ರಿ.’

ಅತ್ತೆ ಅಳುವುದನ್ನು ನಿಲ್ಲಿಸಿದರು. ನಡೆ ಅವರದೇ. ಭಾವನವರು ಹೆಂಡತಿಯನ್ನು ನೋಡಿದ ನೋಟ... ಮದುವೆಯಾಗಿ ಇಷ್ಟು ವರ್ಷಕ್ಕೆ ಆಕೆಯ ದನಿ ಮೊದಲ ಸಲ ಕೇಳಿದವರ ಹಾಗೆ.

ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಇನ್ನೊಬ್ಬರ ಹಿಂದೆ ನಡೆದರೆ ಮಾತ್ರ ನನಗೆ ಬಾಗಿಲು ತೆರೆಯುತ್ತದಲ್ಲ — ಅದಕ್ಕೇ ಇನ್ನೂ ಉರಿ.

೧೪-೪-೯೮, ಧಾರವಾಡ ಸ್ಟೇಷನ್

ಭಾವನವರು ಬರುವುದಿಲ್ಲ ಅಂದರು; ಅಕ್ಕಾರು, ನಾನು, ಇಬ್ಬರೇ, ಹಾದಿ ನಾನು ಮೊದಲು ಬರೆದದ್ದೇ. ನನ್ನದು ವೇಟಿಂಗ್. ಇಬ್ಬರಿಗೂ ಒಂದೇ ಬರ್ತ್ ಆದರೂ ಆದೀತು. ಇವರು ಬಿಡಲು ಬಂದಿಲ್ಲ. ಬರುವಾಗ ಅಂಗಡಿಯ ಮುಂದೆಯೇ ಹಾದುಬಂದೆವು. ಗಿರಾಕಿಗೆ ಧೋತರ ಬಿಚ್ಚಿ ತೋರಿಸುತ್ತಿದ್ದರು. ತಲೆ ಎತ್ತಲಿಲ್ಲ. ಬೇಡ. ನಾನೂ ಕರೆಯಲಿಲ್ಲ.

೧೭-೪-೯೮, ಶುಕ್ರವಾರ. ಸೋನೌಲಿ

ಗೋರಖಪುರದಿಂದ ಇಲ್ಲಿಯವರೆಗೆ ಅಕ್ಕಾರ ತಲೆ ಬಸ್ಸಿನ ಕಿಟಕಿಯ ಹೊರಗೇ. ಬೆನ್ನು ಸವರಿ ಸವರಿ ನನ್ನ ಕೈ ಸೋತಿತು. ನಡುನಡುವೆ ತಲೆ ಒಳಗೆ ತಂದು, ಇದು ಯಾವ ಊರು, ಇಲ್ಲಿ ಏನು ಬೆಳೆಯುತ್ತಾರೆ ಅಂತ ಕೇಳುವುದು ಮಾತ್ರ ಬಿಡಲಿಲ್ಲ.

ಗಡಿ ಅಂದರೆ ಒಂದು ಕಮಾನು, ಧೂಳು, ಸೈಕಲ್ ರಿಕ್ಷಾ. ಗುರುತಿನ ಚೀಟಿ ತೋರಿಸಿದೆವು. ಪೊಲೀಸ ಅದರ ಮುಖವನ್ನೂ ನೋಡಲಿಲ್ಲ. ನಾನು ಎರಡೂ ಬ್ಯಾಗು ಹಿಡಿದು ಎರಡು ಹೆಜ್ಜೆ ಹಿಂದೆ ನಿಂತೆ. ಬೇಕಂತಲೇ. ಸಿಟ್ಟಿನಿಂದಲೇ. ಹಿರಿಯರು ಮೊದಲು ನಡೆಯಲಿ, ಮಾತು ಅದೇ ತಾನೆ ಆದದ್ದು.

ಅಕ್ಕಾರು ಕಮಾನಿನ ಕೆಳಗೆ ಹೋಗಿ ನಿಂತರು. ತಿರುಗಿ ನೋಡಿದರು. ಮುಖ ಬಿಳಿಚಿತ್ತು, ಬಾಯಿ ಒರೆಸಿಕೊಂಡ ಸೆರಗು ಇನ್ನೂ ಕೈಯಲ್ಲೇ.

‘ಇಲ್ಲಿ ಯಾರು ನೋಡ್ತಾರ? ನೀ ಮುಂದ ನಡಿ.’

ನಡೆದೆ. ಆ ಕಡೆ ದಾಟಿ ನಿಂತಾಗ ಅಳು ಬಂತು, ರಸ್ತೆಯಲ್ಲೇ, ಜನರೆದುರು. ಎರಡು ತಿಂಗಳಿನಿಂದ ಹಲ್ಲು ಕಚ್ಚಿ ಹಿಡಿದದ್ದೆಲ್ಲ. ಅಕ್ಕಾರು ಒಂದು ಬ್ಯಾಗು ನನ್ನ ಕೈಯಿಂದ ಇಸಿದುಕೊಂಡರು.

ಈಗ ಚಹಾದ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಪೋಖರಾ ಬಸ್ಸು ಬಂತು, ಕೂಗುತ್ತಿದ್ದಾರೆ. ಅಕ್ಕಾರು ಆಗಲೇ ಹತ್ತಿ ಕಿಟಕಿಯ ಸೀಟು ಹಿಡಿದು, ಅದನ್ನು ಬಿಟ್ಟು ಪಕ್ಕಕ್ಕೆ ಸರಿದು, ನನಗೆ ಅಲ್ಲೇ ಕೂಡು ಅಂತ ಕೈ ಮಾಡಿ —